ನಂಜು

ಲೀಡ್ಸಿನ ಹಳೇ ಆಸ್ಪತ್ರೆಯ ನೆಲಮಾಳಿಗೆ.
ಮೊದಲು ಇಲ್ಲಿ ಹೆಣ ಇಡುತ್ತಿದ್ದರಂತೆ, ಈಗ ಪುಸ್ತಕ.
ತಂಪು ಎರಡಕ್ಕೂ ಒಳ್ಳೆಯದು.

ನೂರಾ ಹದಿನಾಲ್ಕನೇ ಪೆಟ್ಟಿಗೆಗೆ ಯಾರೋ ಅಂಟಿಸಿದ ಚೀಟಿ:
‘ಕಪ್ಪು ಬಟ್ಟೆ. ಮಡಿಕೆ ಇಪ್ಪತ್ತಾರು.
ಬಹುಶಃ ವ್ಯಾಪಾರಿಯ ಲೆಕ್ಕ. ಭಾಷೆ ತಿಳಿಯದು.’
ತಿಳಿಯದ ಆ ಭಾಷೆಯಲ್ಲೇ
ನಮ್ಮವ್ವ ನನ್ನನ್ನು ಬೈಯುತ್ತಿದ್ದದ್ದು.

ಬಿಚ್ಚಿದೆ. ಕಡತ.
ಹುಣಸೆಬೀಜದ ಅಂಟು, ಇದ್ದಿಲಪುಡಿ ಮೆತ್ತಿದ ಬಟ್ಟೆ,
ಮೇಲೆ ಬಳಪದ ಬಿಳಿ.
ಸೀನಿದರೆ ಹಾರಿಹೋದೀತೆಂದು
ಮೂಗು ಹಿಡಿದು ಓದಿದೆ:

ಗಾಣಿಗರ ಚೆನ್ನಿ, ಹೊಟ್ಟೆಯುಬ್ಬರ. ಓಮ, ಸೈಂಧವ. ಒಂದು ಹಣ, ಬಂತು.
ಶಾನುಭೋಗರ ಹುಡುಗ, ಚಳಿಜ್ವರ. ಅಮೃತಬಳ್ಳಿ. ಎರಡು ಸೇರು ರಾಗಿ, ಬರಬೇಕು.
ಪಲ್ಟಣಿನ ದೊರೆ, ಕಾಲಿಗೆ ನಂಜು. ಬೇವು, ಅರಿಶಿನ, ಏಳು ದಿನ. ಬ್ರಾಂದಿ, ಒಂದು ಬಾಟಲಿ.

ಬ್ರಾಂದಿ ಕಾಲಿಗೋ ವೈದ್ಯನಿಗೋ, ಬರೆದಿಲ್ಲ.
ಕಡತ ಇಲ್ಲಿಗೆ ಬಂದದ್ದು ಆ ಕಾಲಿನ ಜೊತೆಗೇ ಇರಬೇಕು.

ನಮ್ಮ ನಮೂನೆಗೆ ಹನ್ನೊಂದು ಖಾನೆ.
ಏಳನೆಯದು: ರೋಗದ ಹೆಸರು, ಇಂಗ್ಲಿಷಿನಲ್ಲಿ.
ಪೆನ್ನು ನಿಂತಿತು.
ಕೀವು ಅನ್ನಲೇ? ಬಾವು? ವಿಷ?
ಬದನೆಕಾಯಿ ತಿಂದರೆ ಏರುವುದು,
ಗಾಯದ ಸುತ್ತ ಕೆಂಪಗೆ ಕಾಯುವುದು,
ನಂಜುಂಡ ಗಂಟಲಲ್ಲಿ ತಡೆದಿಟ್ಟುಕೊಂಡದ್ದು,
ಎರಡಂಗುಲದ ಖಾನೆ.

ಹೋದ ಚಳಿಗಾಲ ಮೇಲಿನ ವಾರ್ಡಿಗೆ ಕರೆದಿದ್ದರು
ರೋಣದ ಕಡೆಯ ನೀಲವ್ವನ ಮಾತು ತಿಳಿಸಿಕೊಡಲು.
‘ಕಾಲಿಗೆ ನಂಜಾಗೇದರೀ’ ಅಂದಳು.
ವಿಷ, ಅಂದುಬಿಟ್ಟೆ ಇಂಗ್ಲಿಷಿನಲ್ಲಿ, ಅವಸರಕ್ಕೆ.
ಎಳೇ ಡಾಕ್ಟರು ಕುರ್ಚಿ ಹಿಂದಕ್ಕೆ ಸರಿಸಿದ:
ಕೊಟ್ಟವರು ಯಾರು? ಅಡುಗೆ ಮಾಡುವವರು ಯಾರು?
ಸೊಸೆ ಹೊರಗೆ ಕೂತಿದ್ದಳು,
ಮಡಿಲಲ್ಲಿ ಬಿಸಿ ಜುಣಕದ ಡಬ್ಬಿ.
‘ಏನಂತಾನವಾ ಹುಡುಗ?’ ನೀಲವ್ವ ಕೇಳಿದಳು.
ಏನೂ ಇಲ್ಲ, ಅಂದೆ.
ಮೂರು ದಿನ ಆ ಸೊಸೆಯ ಮುಖ ನೋಡಲಿಲ್ಲ ನಾನು.

ಎದುರು ಮೇಜಿನ ಮೊರ್ವೆನ್ನಾ
ಸಾವಿರ ವರ್ಷದ ಹಿಂದಿನ ಮದ್ದಿನ ಬರಹ ಓದುವವಳು.
ನನ್ನ ಪೇಚಾಟ ಕೇಳಿ ತಲೆ ಎತ್ತಿದಳು:
ನಮ್ಮಲ್ಲೂ ಇತ್ತು, ಗಾಳಿಯಲ್ಲಿ ಹಾರಿಬರುವ ವಿಷ,
ಹಾವಿನದೂ ಅದೇ, ಹುಣ್ಣಿನದೂ ಅದೇ,
ಹೆಸರು ಆಟರ್. ಸತ್ತ ಮಾತು ಈಗ.

‘ಸತ್ತಿದೆ ಅಂತ ಯಾರು ಹೇಳಿದ್ದು?’
ಪುಸ್ತಕದ ಗಾಡಿ ತಳ್ಳಿಕೊಂಡು ಬಂದ ಸಗ್ಡನ್.
ಮೊಣಕಾಲು ತರಚಿಕೊಂಡು ಬಂದರೆ ಅವನಜ್ಜಿ
‘ಅಟರಿ ಆಗಿದೆ ನೋಡು’ ಅನ್ನುತ್ತ
ಬಿಸಿ ಹಾಲಲ್ಲಿ ಬ್ರೆಡ್ಡು ನೆನೆಸಿ ಕಟ್ಟುತ್ತಿದ್ದಳಂತೆ.
ನಮ್ಮಜ್ಜಿ ಜೋಳದ ಹಿಟ್ಟು ಕಟ್ಟುತ್ತಿದ್ದಳು.
ಸುಡುತ್ತಿತ್ತು, ಅಂದೆ.
ಅಯ್ಯೋ, ಸುಡುತ್ತಿತ್ತು, ಅಂದ ಅವನೂ,
ಪ್ಯಾಂಟು ಮೇಲಕ್ಕೆಳೆದು ಕಲೆ ತೋರಿಸಿದ.

ಆ ಸಂಜೆ ಖುಷಿಯಲ್ಲಿದ್ದೆ.
ನೋವಿಗೆ ಎಲ್ಲ ಕಡೆ ಒಂದೇ ಮನೆತನ ಅಂತ
ಏನೋ ಬರೆಯಲು ಹೊರಟಿದ್ದೆ.
ಆಮೇಲೆ ಇಪ್ಪತ್ತನೇ ಮಡಿಕೆ ಬಿಚ್ಚಿತು:

ಹೊಲೆಗೇರಿ ಕೆಂಚನ ಕೂಸು, ಅಮ್ಮ ಬಂದದ್ದು.
ದೂರದಿಂದ ನೋಡಿದೆ. ನಾಡಿ ಹಿಡಿಯಲಿಲ್ಲ.

ಅಷ್ಟೆ. ಮದ್ದಿನ ಜಾಗ ಖಾಲಿ.
ಹಣದ ಜಾಗದಲ್ಲಿ ಏನೋ ಬರೆದು
ಹೆಬ್ಬೆರಳಲ್ಲಿ ಒರೆಸಿದ್ದಾನೆ,
ಬೂದಿಬಣ್ಣದ ಒಂದು ಉಜ್ಜು.
ಹಣ ಬಿಟ್ಟನೋ, ಪಡೆದು ನಾಚಿದನೋ,
ಎದ್ದು ಮತ್ತೆ ಆ ಕೇರಿಗೆ ಹೋದನೋ.
ದೀಪ ಓರೆಮಾಡಿ ನೋಡಿದೆ,
ಬೆರಳಿನ ಗೆರೆ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ.

ಏಳನೇ ಖಾನೆಯಲ್ಲಿ ನಂಜು ಎಂದೇ ಬರೆದೆ, ಕನ್ನಡದಲ್ಲಿ.
ಬೇಕಾದವರು ಬಂದು ಕೇಳಲಿ.
ಹತ್ತನೇ ಖಾನೆ: ವಸ್ತುವಿಗೆ ಆಗಿರುವ ಹಾನಿ.
ಒಂದು ಹೆಬ್ಬೆರಳಷ್ಟು, ಎಂದು ತುಂಬಿ
ಪೆಟ್ಟಿಗೆ ಮುಚ್ಚಿದೆ.